ಮಾಷ್ಟ್ರು ಕೊಂಡ ಹಳೇ ಬೈಕು

ಪೆರ್ಲ
10 ಜೂನ್ 2024

ಪ್ರಿಯ ಜಯಂತ,

ನಾನೊಂದು ಬೈಕು ತೆಗೆದುಕೊಳ್ಳಬೇಕೆಂದಿದ್ದೇನೆ. ನಗಬೇಡ. ನಗುವುದಿದ್ದರೂ ಕಾಗದ ಪೂರ್ತಿ ಓದಿ ಆಮೇಲೆ ನಗು.

ಅರುವತ್ತು ದಾಟಿದ ನಾನು ಈವರೆಗೆ ಸೈಕಲ್ಲು ಬಿಟ್ಟರೆ ಬೇರೆ ಹ್ಯಾಂಡಲ್ ಹಿಡಿದವನಲ್ಲ. ಹಿಡಿಯಬೇಕಾದ ಅಗತ್ಯವನ್ನೇ ನೀನು ಬರಗೊಡಲಿಲ್ಲ. ಕನ್ನಡ ಪಾಠ ಮುಗಿಸಿ ಶಾಲೆಯ ಗೇಟಿಗೆ ಬಂದರೆ ನೀನು ಮಿಲ್ಲಿನ ಮರದ ಹುಡಿ ಕೊಡವಿಕೊಳ್ಳುತ್ತ ಬೈಕಿನ ಮೇಲೆ ಕಾಯುತ್ತಿದ್ದೆ. ಮುಂದೆ ಟ್ಯಾಂಕಿನ ಮೇಲೆ ಮದ್ದಳೆ, ಹಿಂದೆ ನಾನು. ಬಾಯಾರಾಗಲಿ, ಏತಡ್ಕವಾಗಲಿ, ಗಡಿ ದಾಟಿ ಅಡ್ಯನಡ್ಕವಾಗಲಿ, ತಾಳಮದ್ದಳೆ ಎಲ್ಲಿದ್ದರೂ ಮದ್ದಳೆಗೆ ನೀನು, ಅರ್ಥ ಹೇಳಲು ನಾನು, ಇಬ್ಬರಿಗೂ ಒಂದೇ ವಾಹನ. ಕಳೆದ ವರ್ಷ ನೀನು ಬೆನ್ನುನೋವೆಂದು ಬೈಕು ಮಾರಿ, ಮಿಲ್ಲನ್ನೂ ಬಿಟ್ಟು, ಸೀತಾಂಗೋಳಿಯಾಚೆ ಅನಂತಪುರದ ತಂಗಿಯ ಮನೆಗೆ ಹೊರಟುಹೋದೆ. ಅಂದಿನಿಂದ ಕೂಟಗಳು ನನಗೆ ದೂರವಾದವು. ಬಸ್ಸಿನ ಹೊತ್ತಾಯಿತೆಂದು ಪಾತ್ರವನ್ನು ಅರ್ಧಕ್ಕೆ ಬಿಟ್ಟು ಓಡುವ ಅರ್ಥಧಾರಿಯನ್ನು ಯಾರು ಕರೆಯುತ್ತಾರೆ, ನೀನೇ ಹೇಳು.

ಫೋನು ಮಾಡಿದರೆ ನಿನ್ನ ತಂಗಿ ಅಮ್ಮು ಎತ್ತಿ, ಅಣ್ಣನಿಗೆ ಈಗೀಗ ಕಿವಿ ಮಂದ, ಫೋನು ಆಗುವುದಿಲ್ಲ ಅನ್ನುತ್ತಾಳೆ. ಹಾಗಾಗಿ ಕಾಗದ. ಮೇಷ್ಟರಿಗೆ ಕಾಗದ ಬರೆಯುವುದು ಕಷ್ಟವೂ ಅಲ್ಲ.

ಸತ್ಯ ಹೇಳಬೇಕೆಂದರೆ ಬೈಕು ಬೇಕೆನ್ನಿಸಿದ್ದು ಕೂಟಕ್ಕಾಗಿ ಮಾತ್ರ ಅಲ್ಲ. ಸೌದಾಮಿನಿ ತೀರಿಕೊಂಡು ಐದು ವರ್ಷವಾಯಿತು. ಮಕ್ಕಳಿಲ್ಲದ ಮನೆ, ಅದೂ ಶಾಲೆಯ ಹಿಂದಿನ ಬಾಡಿಗೆ ಮನೆ. ಬೆಳಿಗ್ಗೆ ಹಾಲಿನವನ ಹತ್ತಿರ ಒಂದು ಮಾತು, ಸಂಜೆ ಅಂಗಡಿಯಲ್ಲಿ ಎರಡು ಮಾತು. ಅವಳ ವಿಷಯವನ್ನು ನಾನು ಹೇಳಿಕೊಂಡದ್ದು ನಿನ್ನ ಹತ್ತಿರ ಮಾತ್ರ, ಅದೂ ಬೈಕಿನ ಮೇಲೆ ಮಾತ್ರ. ಎದುರೆದುರು ಕುಳಿತರೆ ನನಗೆ ಅದು ಬಾಯಿಗೆ ಬರುವುದಿಲ್ಲ. ನೀನು ಹೋದ ಮೇಲೆ ಆ ಮಾತೇ ನಿಂತುಹೋಗಿದೆ. ಬೈಕಿದ್ದರೆ ಮತ್ತೆ ಬಂದೀತೋ ಏನೋ.

ಹಳೆಯದು, ಅಗ್ಗದ್ದು ಸಾಕು. ಕೊಳ್ಳುವಾಗ ಏನೇನು ನೋಡಬೇಕೆಂದು ಬರೆ.

ಇತಿ ನಿನ್ನ
ವೆಂಕಟಕೃಷ್ಣ


ಅನಂತಪುರ
24 ಜೂನ್ 2024

ಮಾಷ್ಟ್ರಿಗೆ ಜಯಂತನ ನಮಸ್ಕಾರ.

ಕಾಗದ ಸಿಕ್ಕಿತು. ನಾನು ನಗಲಿಲ್ಲ. ಅಮ್ಮು ನಕ್ಕಳು. ಅವಳ ಮಗಳು ರಶ್ಮಿತಾ ಇಲ್ಲಿಯ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಾಳೆ, ಅವಳೂ ನಕ್ಕಳು.

ಪೈಂಟು ನೋಡಬೇಡಿ, ಪೈಂಟು ಯಾರು ಬೇಕಾದರೂ ಹೊಡೆಸುತ್ತಾರೆ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಮಾರುವವ ಬಿಸಿ ಮಾಡಿ ಇಟ್ಟಿದ್ದರೆ ಏನೋ ಉಂಟೆಂದು ತಿಳಿಯಿರಿ. ನೀಲಿ ಹೊಗೆ ಬಂದರೆ ಬೇಡ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಒಸರಿದೆಯಾ ಎಂದು ಬೆರಳಿಟ್ಟು ನೋಡಿ. ಬೇರೆಯವರಿಂದ ಓಡಿಸಿ ನೋಡಿ, ಒಂದು ಬದಿಗೆ ಎಳೆಯುತ್ತದಾದರೆ ಎಲ್ಲಿಯೋ ಬಿದ್ದ ಬೈಕು. ಸದ್ದಿನ ವಿಷಯ ನಾನು ಹೇಳುವುದಿಲ್ಲ. ಪೆರ್ಲದ ಗ್ಯಾರೇಜಿನ ಪ್ರವೀತನನ್ನು ಕರಕೊಂಡು ಹೋಗಿ.

ಮುಖ್ಯ ಮಾತು. ಪುತ್ತೂರು, ವಿಟ್ಲ ಕಡೆ ಅಗ್ಗಕ್ಕೆ ಸಿಗುತ್ತದೆಂದು ಕೆ.ಎ. ನಂಬರಿನದ್ದು ತರಬೇಡಿ. ನಮ್ಮ ಕೇರಳದ ಕೆ.ಎಲ್. 14 ಮಾಡಿಸಲಿಕ್ಕೆ ಆ ಆಫೀಸು ಈ ಆಫೀಸು ಎಂದು ಓಡಿ ಚಪ್ಪಲಿ ಸವೆಯುತ್ತದೆ.

ನನ್ನನ್ನು ಕೇಳಿದರೆ ಬೈಕೇ ಬೇಡ. ಈ ಪ್ರಾಯದಲ್ಲಿ ಬಿದ್ದರೆ ನೋಡಲಿಕ್ಕೆ ಯಾರಿದ್ದಾರೆ ನಿಮಗೆ?

ಜಯಂತ


ಪೆರ್ಲ
5 ಆಗಸ್ಟ್ 2024

ಪ್ರಿಯ ಜಯಂತ,

ಕೊಂಡೆ. ಕೆ.ಎ. 21.

ನಿನ್ನ ಕಾಗದ ತಡವಾಗಿ ಸಿಕ್ಕಿತೆಂದು ಸುಳ್ಳು ಬರೆಯಬಹುದಿತ್ತು. ಆದರೆ ಸಿಕ್ಕಿ, ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡೇ ವಿಟ್ಲಕ್ಕೆ ಹೋಗಿದ್ದೆ. ಮಾರಿದವನು ಸೌದಾಮಿನಿಯ ತಮ್ಮ ಕೇಶವಪ್ರಸಾದ. ಅವನು ಕಾರು ತೆಗೆದ ಮೇಲೆ ಬೈಕು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಕೂರಲು ಆಗುತ್ತಿತ್ತಂತೆ. ಮೂರು ಸಲ ಹೋಗಿ ನೋಡಿದೆ. ಮೂರನೆಯ ಸಲ ಅವನಿಗೇ ಬೇಜಾರು ಬಂದು, “ಭಾವ, ಇದಕ್ಕೆ ಇಷ್ಟು ನೋಡ್ಲಿಕ್ಕೆ ಎಂತ ಉಂಟು, ತಗೊಂಡು ಹೋಗಿ” ಎಂದ.

ಪೆರ್ಲದಲ್ಲಿ ಕುಳಿತವನಿಗೆ ವಿಟ್ಲ ಬೇರೆ ರಾಜ್ಯವೆಂದು ಅನ್ನಿಸುವುದೇ ಇಲ್ಲ ನೋಡು. ಹೆಣ್ಣು ತಂದದ್ದು ಅಲ್ಲಿಂದ, ಕೂಟಕ್ಕೆ ಹೋಗುತ್ತಿದ್ದುದು ಅಲ್ಲಿಗೆ. ಬೈಕು ಮಾತ್ರ ಗಡಿ ದಾಟಿದ ಕೂಡಲೇ ಪರದೇಶಿಯಾಗಿಬಿಟ್ಟಿತು. ಪುತ್ತೂರಿನಿಂದ ಒಪ್ಪಿಗೆಯ ಕಾಗದ ತರಬೇಕು, ಕಾಸರಗೋಡಿನಲ್ಲಿ ತೋರಿಸಬೇಕು, ಅಲ್ಲಿ ಕೊಟ್ಟ ಅರ್ಜಿ ಮಲಯಾಳದಲ್ಲಿ ಇತ್ತು, ಅದನ್ನು ಪಕ್ಕದವರಿಂದ ಓದಿಸಿಕೊಳ್ಳಬೇಕು. ಸೌದಾಮಿನಿಯನ್ನು ಕರೆತರುವಾಗ ಇಷ್ಟು ಕಾಗದ ಬೇಕಾಗಿರಲಿಲ್ಲ. ಪ್ರವೀತ ಮಾತ್ರ ಇಂಜಿನಿನ ಹತ್ತಿರ ಕಿವಿಯಿಟ್ಟು ಕೇಳಿ, ವಸ್ತು ಒಳ್ಳೆಯದೇ ಉಂಟು ಅಂದಿದ್ದಾನೆ. ನೀಲಿ ಹೊಗೆ ಇಲ್ಲ.

ಕಲಿಯುತ್ತಿದ್ದೇನೆ. ಶಾಲೆಯ ಮೈದಾನದಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ. ಎರಡು ಸಲ ಬಿದ್ದೆ, ಒಂದು ಮೊಣಕೈ ಸುಲಿಯಿತು. ಲೈಸನ್ಸಿನ ಪರೀಕ್ಷೆಗೆ ನೆಲದ ಮೇಲೆ ಬರೆದ ಎಂಟರ ಅಂಕೆಯ ಮೇಲೆ ಕಾಲೂರದೆ ಸುತ್ತಬೇಕು. ಇಷ್ಟು ವರ್ಷ ಮಕ್ಕಳಿಗೆ ಪರೀಕ್ಷೆ ಮಾಡಿದವನಿಗೆ ಈಗ ಅದನ್ನು ನೆನೆಸಿದರೆ ನಿದ್ದೆ ಬರುವುದಿಲ್ಲ.

ಆದರೆ ಮಾರಾಯ, ನಾನು ಅಂದುಕೊಂಡದ್ದು ಆಗಲಿಲ್ಲ. ಮುಂದೆ ಕುಳಿತರೆ ಮಾತು ಬರುವುದಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತದೆ, ರಸ್ತೆಯ ಹೊಂಡ ನೋಡಬೇಕು, ಎದುರು ನಿನ್ನ ಬೆನ್ನಿಲ್ಲ. ಹಿಂದೆ ಖಾಲಿ ಸೀಟು ಮಾತ್ರ ಇದೆ. ಬೈಕು ಕೊಂಡ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿದೆ. ಇದನ್ನು ನಗಲೆಂದು ಬರೆದದ್ದಲ್ಲ.

ಲೈಸನ್ಸ್ ಸಿಕ್ಕಿದ ಕೂಡಲೇ ಅನಂತಪುರಕ್ಕೆ ಬರುತ್ತೇನೆ. ಈ ಸಲ ನೀನು ಹಿಂದೆ ಕೂರು.

ನಿನ್ನ ದಾರಿ ನೋಡುವ
ವೆಂಕಟಕೃಷ್ಣ


ಅನಂತಪುರ
19 ಆಗಸ್ಟ್ 2024

ಮಾಷ್ಟ್ರಿಗೆ ನಮಸ್ಕಾರ.

ನೀವು ಬರುವುದು ಬೇಡ. ಮನೆ ಸಣ್ಣದು. ರಶ್ಮಿತಾಳಿಗೆ ಪಾಳಿ ಕೆಲಸ, ಹಗಲು ಮಲಗುತ್ತಾಳೆ. ರಸ್ತೆಯಲ್ಲಿ ಫ್ಯಾಕ್ಟರಿ ಲಾರಿಗಳು ಉಂಟು.

ಮೊಣಕೈಗೆ ಎಣ್ಣೆ ಹಚ್ಚಬೇಡಿ, ಒಣಗಲಿಕ್ಕೆ ಬಿಡಿ. ಚೈನಿಗೆ ಹಚ್ಚಿ.

ಜಯಂತ


ಪೆರ್ಲ
30 ಸೆಪ್ಟೆಂಬರ್ 2024

ಜಯಂತ,

ಲೈಸನ್ಸ್ ಸಿಕ್ಕಿತು. ಮೊದಲ ಸಲ ಎಂಟರ ನಡುವೆ ಕಾಲೂರಿದೆ, ಎರಡನೆಯ ಸಲ ಪಾಸು. ಮೀಸೆ ಚಿಗುರದ ಹುಡುಗರು ನನಗೆ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಯಾರಿಗೆ ಹೇಳುವುದೆಂದು ಯೋಚಿಸಿದರೆ ನಿನ್ನ ಹೊರತು ಹೆಸರೇ ಹೊಳೆಯಲಿಲ್ಲ. ನೀನು ಬರಬೇಡ ಎಂದು ಬರೆದವನು.

ಸಣ್ಣ ಮನೆ, ಪಾಳಿ, ಲಾರಿ. ಅರ್ಥಗಾರಿಕೆಯಲ್ಲಿ ವಾದಕ್ಕೆ ವಾದ ಹೊಸೆದು ಬದುಕಿದವನ ಹತ್ತಿರ ಇಂಥ ನೆವ ಹೇಳುತ್ತೀಯಲ್ಲ. ಅಂಗಳದಲ್ಲಿ ನಿಂತು ಮುಖ ನೋಡಿ ಬರಲು ಎಷ್ಟು ದೊಡ್ಡ ಮನೆ ಬೇಕು?

ನಿನಗೆ ನನ್ನ ಮೇಲೆ ಏನೋ ಆಗಿದೆ. ಏನೆಂದು ನಾನೇ ಲೆಕ್ಕ ಹಾಕಿದ್ದೇನೆ. ಏತಡ್ಕದ ಕೂಟ ಮುಗಿಸಿ ಬರುವಾಗ ಸೌದಾಮಿನಿಯ ವಿಷಯ ನಿನಗೊಂದು ಮಾತು ಹೇಳಿದೆನಲ್ಲ, ಅದು. ಜಗತ್ತಿನಲ್ಲಿ ಬೇರೆ ಯಾರಿಗೂ ಅದನ್ನು ಹೇಳಿಲ್ಲ. ನೀನು, “ಎಂತ ಮಾಡುದು ಮಾಷ್ಟ್ರೇ, ಹಾಗೇ ಅದು” ಎಂದೆ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಇಷ್ಟು ದಿನ ದೂಡಿದ್ದೇನೆ. ಆದರೆ ಅದಾಗಿ ಕೆಲವು ತಿಂಗಳಲ್ಲೇ ನೀನು ಬೈಕು ಮಾರಿದೆ. ಹೆಂಡತಿಯ ವಿಷಯದಲ್ಲಿ ಹೀಗೂ ಆಗುವವನೇ ಎಂದು ನಿನಗೆ ನನ್ನ ಮೇಲೆ ತಾತ್ಸಾರ ಬಂದಿರಬೇಕು.

ಬಂದಿದ್ದರೆ ಹಾಗೆಂದು ಬರೆ. ಸುಮ್ಮನಿರಬೇಡ. ಮನೆಯಲ್ಲಿ ಬೇಕಾದಷ್ಟು ಸುಮ್ಮನಿರುವುದು ಉಂಟು.

ವೆಂಕಟಕೃಷ್ಣ


ಅನಂತಪುರ
14 ಅಕ್ಟೋಬರ್ 2024

ಮಾಷ್ಟ್ರೇ,

ತಾತ್ಸಾರ ಅಲ್ಲ. ಅದನ್ನು ಓದಿ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳಿ ಸಾಕಾಯಿತು, ಈಗ ಹೇಳಿಬಿಡುತ್ತೇನೆ.

ಏತಡ್ಕದಿಂದ ಬರುವಾಗ ನೀವು ಎಂತ ಹೇಳಿದಿರೆಂದು ನನಗೆ ಗೊತ್ತಿಲ್ಲ. ಕೇಳಿಸಿಲ್ಲ. ಆ ದಿನದ್ದು ಮಾತ್ರ ಅಲ್ಲ. ಸೌದಾಮಿನಿ ಅಕ್ಕ ತೀರಿಕೊಂಡ ವರ್ಷವೇ ನನಗೆ ಕಿವಿ ಇಳಿಯಲು ಶುರುವಾಗಿತ್ತು. ಮಿಲ್ಲಿನ ಗರಗಸ ತಿಂದದ್ದೆಂದು ಡಾಕ್ಟರು ಹೇಳಿದರು. ಆಮೇಲಿನ ವರ್ಷಗಳಲ್ಲಿ ಎದುರು ನಿಂತವರ ಬಾಯಿ ನೋಡಿ ಹೇಗೋ ಸುಧಾರಿಸುತ್ತಿದ್ದೆ, ಆದರೆ ಬೈಕಿನ ಮೇಲೆ ನೀವು ಹೇಳಿದ ಒಂದೇ ಒಂದು ಮಾತು ನನಗೆ ಕೇಳಿಸಿಲ್ಲ.

ನೀವು ಮಾತಾಡುವಾಗ ನಿಮ್ಮ ಗಲ್ಲ ನನ್ನ ಹೆಗಲಿಗೆ ತಾಗುತ್ತಿತ್ತು. ಅದು ಅಲುಗುವುದು ನಿಂತರೆ ಮಾತು ಮುಗಿಯಿತೆಂದು ತಿಳಿಯುತ್ತಿದ್ದೆ. ಆಗ ಎಂತಾದರೂ ಹೇಳಬೇಕಲ್ಲ. ಎಂತ ಮಾಡುವುದು ಎಂದರೆ ಯಾವ ಮಾತಿಗೂ ಸರಿಯಾಗುತ್ತದೆ. ಕೂಟದಲ್ಲಿ ಭಾಗವತರ ಜಾಗಟೆಯ ಕೋಲು ನೋಡಿ ಮದ್ದಳೆ ಬಾರಿಸುತ್ತಿದ್ದೆ. ಕೆಲವು ಕಡೆ ತಪ್ಪಿದೆ, ಪ್ರಾಯವಾಯಿತೆಂದು ಅವರು ಸುಮ್ಮನಾದರು.

ಅಡ್ಯನಡ್ಕದ ಇಳಿಜಾರಿನಲ್ಲಿ ಒಂದು ದಿನ ಹಿಂದಿನಿಂದ ಲಾರಿ ಬಂದು ನೀವು ನನ್ನ ಹೆಗಲು ಹಿಡಿದು ಎಳೆದದ್ದು ನೆನಪುಂಟಾ? ಹಾರ್ನು ನನಗೆ ಗೊತ್ತೇ ಆಗಿರಲಿಲ್ಲ. ಇಳಿದು ನೋಡಿದರೆ ನೀವು ನಗುತ್ತಿದ್ದಿರಿ. ಇವರನ್ನು ಕೊಂದುಬಿಡುತ್ತಿದ್ದೆ ಎಂದು ಆವತ್ತೇ ಬೈಕು ಮಾರುವ ಆಲೋಚನೆ ಮಾಡಿದೆ. ಬೆನ್ನುನೋವು ಇರಲಿಲ್ಲ.

ಯಾಕೆ ಮೊದಲೇ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಕೇಳಿಸುವುದಿಲ್ಲವೆಂದು ಗೊತ್ತಾದರೆ ನೀವು ಮಾತು ನಿಲ್ಲಿಸುತ್ತಿದ್ದಿರಿ. ಹೆಗಲಿಗೆ ಗಲ್ಲ ತಾಗುವುದೂ ನಿಲ್ಲುತ್ತಿತ್ತು. ನನಗೂ ಮನೆಯಲ್ಲಿ ಯಾರೂ ಇರಲಿಲ್ಲ ಮಾಷ್ಟ್ರೇ.

ಈಗ ಇದ್ದದ್ದೂ ಪೂರ್ತಿ ಹೋಗಿದೆ. ಇಲ್ಲಿ ಎಲ್ಲರೂ ಮಾತಾಡುತ್ತಾರೆ, ನಾನು ಬಾಯಿ ನೋಡುತ್ತೇನೆ. ರಶ್ಮಿತಾ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಾಳೆ, ಊಟ, ಚಹಾ, ಡಾಕ್ಟರು. ನೀವು ಬಂದು ಎದುರು ಕೂತರೆ ಎಲ್ಲ ಗೊತ್ತಾಗುತ್ತದೆಂದು ಬರಬೇಡಿ ಎಂದು ಬರೆದದ್ದು.

ಆ ದಿನ ಹೇಳಿದ್ದನ್ನು ಬರೆಯಲಿಕ್ಕೆ ಮನಸ್ಸು ಬಂದರೆ ಬರೆಯಿರಿ. ಕಣ್ಣು ಚೆನ್ನಾಗಿ ಉಂಟು.

ಜಯಂತ


ಪೆರ್ಲ
22 ಡಿಸೆಂಬರ್ 2024

ಪ್ರಿಯ ಜಯಂತ,

ಇಷ್ಟು ದಿನ ಬರೆಯದೆ ಇದ್ದುದು ಸಿಟ್ಟಿನಿಂದ. ಸುಮ್ಮನೆ ಸಿಟ್ಟಲ್ಲ, ನಿನ್ನ ಕಾಗದ ಕಣ್ಣಿಗೆ ಬಿದ್ದರೆ ಮೈ ಉರಿಯುವಷ್ಟು. ನನ್ನ ಕಷ್ಟವನ್ನೆಲ್ಲ ಒಬ್ಬ ಕೇಳಿದ್ದಾನೆ, ಅವನ ಎದೆಯಲ್ಲಿ ಅದು ಭದ್ರವಾಗಿದೆ ಎಂದುಕೊಂಡು ಕುಳಿತಿದ್ದೆ. ನೋಡಿದರೆ ಗಾಳಿಗೆ ಹೇಳಿದ್ದೆ. ಆ ಎಂತ ಮಾಡುದು ಎಂಬ ಮಾತನ್ನು ನಾನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೆನೆಂದು ನಿನಗೆ ಗೊತ್ತಿಲ್ಲ.

ನವೆಂಬರಿನಲ್ಲಿ ಒಂದು ದಿನ ಬೈಯಬೇಕೆಂದೇ ಬೈಕು ಹತ್ತಿ ಹೊರಟೆ. ಸೀತಾಂಗೋಳಿ ದಾಟಿ ಫ್ಯಾಕ್ಟರಿಗಳ ಹತ್ತಿರ ಬಂದಾಗ ನೀನು ಕಾಣಿಸಿದೆ. ರಸ್ತೆಯ ಬದಿಯಲ್ಲಿ ತರಕಾರಿಯ ಚೀಲ ಹಿಡಿದು ನಡೆಯುತ್ತಿದ್ದೆ. ಹಿಂದಿನಿಂದ ಹಾರ್ನ್ ಹೊಡೆದೆ. ಇನ್ನೊಮ್ಮೆ ಹೊಡೆದೆ. ನೀನು ಹಾಗೇ ನಡೆದೆ. ಓದಿ ತಿಳಿದದ್ದೇ ಬೇರೆ, ಅದನ್ನು ಕಣ್ಣಾರೆ ಕಂಡದ್ದೇ ಬೇರೆ. ನಿನ್ನನ್ನು ದಾಟಿಹೋಗಿ ಮುಖ ತೋರಿಸುವ ಧೈರ್ಯ ನನಗಾಗಲಿಲ್ಲ, ಬೈಕು ತಿರುಗಿಸಿ ಬಂದೆ. ದಾರಿಯುದ್ದಕ್ಕೂ ನಿನ್ನ ಕಾಗದದ ಒಂದೇ ಸಾಲು, ನನಗೂ ಮನೆಯಲ್ಲಿ ಯಾರೂ ಇರಲಿಲ್ಲ ಎಂಬುದು, ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟು ವರ್ಷ ಹಿಂದೆ ಕುಳಿತು ನಾನು ನಿನ್ನನ್ನು ಏನಾದರೂ ಕೇಳಿದ್ದುಂಟೋ ಎಂದು ಯೋಚಿಸಿದೆ. ಮನೆ ಮುಟ್ಟುವಾಗ ಸಿಟ್ಟು ಉಳಿದಿರಲಿಲ್ಲ. ಬರೆಯಲು ಕೈ ಬಂದದ್ದು ಮಾತ್ರ ಇವತ್ತು.

ಆ ದಿನ ಹೇಳಿದ್ದು ಇಷ್ಟೇ. ಸೌದಾಮಿನಿಯ ಸ್ವರ ನನಗೆ ಮರೆತುಹೋಗಿದೆ.

ಮುಖ ನೆನಪಿದೆ, ನಡಿಗೆ ನೆನಪಿದೆ, ದೋಸೆ ಎರೆಯುವಾಗ ಎಡಗೈಯನ್ನು ಸೊಂಟಕ್ಕಿಡುತ್ತಿದ್ದುದು ನೆನಪಿದೆ. ಅವಳು ಆಡಿದ ಮಾತುಗಳೂ ನೆನಪಿವೆ. ಆದರೆ ನೆನೆಸಿಕೊಂಡರೆ ಅವು ನನ್ನ ಸ್ವರದಲ್ಲೇ ಕೇಳಿಸುತ್ತವೆ. ಅವಳದ್ದು ಬರುವುದಿಲ್ಲ. ಫೋನಿನಲ್ಲಿ ಅವಳಿರುವ ವಿಡಿಯೋ ಒಂದೇ ಒಂದು. ಮದುವೆಮನೆಯದ್ದು, ಅದರಲ್ಲಿ ತಲೆ ಬಗ್ಗಿಸಿ ಏನೋ ಹೇಳುತ್ತಾಳೆ, ಆ ಮಾತಿನ ಮೇಲೆಲ್ಲ ವಾಲಗದ ಸದ್ದು. ಅಷ್ಟು ವರ್ಷ ಜೊತೆಗೆ ಬದುಕಿದವನು ಹೀಗೆ ಮರೆಯಬಹುದೇ? ಯಾರನ್ನು ಕೇಳಲಿ, ಏನೆಂದು ಕೇಳಲಿ?

ವಿಟ್ಲದ ಬೈಕನ್ನು ಮೂರು ಸಲ ನೋಡಲು ಹೋದದ್ದು ಬೈಕಿಗಾಗಿ ಅಲ್ಲ. ಮೊದಲ ಸಲ ಕೊಟ್ಟಿಗೆಯಲ್ಲಿ ನಿಂತಿದ್ದಾಗ ಕೇಶವಪ್ರಸಾದನ ಮಗಳು ರಮ್ಯಶ್ರೀ ಒಳಗಿನಿಂದ ಅಪ್ಪನನ್ನು ಕರೆದಳು. ಒಂದು ಕ್ಷಣ ಅದೇ ಸ್ವರ ಅನ್ನಿಸಿತು. ತಿರುಗಿ ನೋಡುವಷ್ಟರಲ್ಲಿ ಹೋಯಿತು. ಇನ್ನೊಮ್ಮೆ ಕರೆಯಲಿ ಎಂದು ಎರಡು ಸಲ ಹೋಗಿ ಚೈನು ಎಳೆಯುತ್ತ, ಫೋರ್ಕಿಗೆ ಬೆರಳಿಡುತ್ತ ಕಾದೆ. ಅವಳು ಕರೆದಳು, ಆದರೆ ಅದು ರಮ್ಯಶ್ರೀಯದೇ ಸ್ವರವಾಗಿತ್ತು. ಬರಿಗೈಯಲ್ಲಿ ಬರಲು ಮನಸ್ಸಾಗದೆ ಬೈಕು ತಂದೆ.

ಈಗ ನಿನಗೆ ಗೊತ್ತಾಯಿತು. ಇದಕ್ಕೆ ನೀನು ಏನೂ ಹೇಳಬೇಕಾಗಿಲ್ಲ. ಓದಿದರೆ ಸಾಕು.

ನಿನ್ನ
ವೆಂಕಟಕೃಷ್ಣ


ಅನಂತಪುರ
30 ಡಿಸೆಂಬರ್ 2024

ಮಾಷ್ಟ್ರೇ,

ಅಕ್ಕನ ಸ್ವರ ನನ್ನ ಹತ್ತಿರ ಉಂಟು.

ಕಿವಿ ಹೋಗುವ ಮೊದಲು ಕೇಳಿದ್ದೆಲ್ಲ ನನ್ನಲ್ಲಿ ಹಾಗೇ ಉಂಟು. ಅದರ ಮೇಲೆ ಹೊಸ ಸ್ವರ ಯಾವುದೂ ಬೀಳಲಿಲ್ಲವಲ್ಲ. ಮತ್ತೆ ನಾನು ಮದ್ದಳೆಯವ. ಯಾರು ಬಾಯಿ ತೆರೆದರೂ ಅವರ ಶ್ರುತಿ ಎಲ್ಲಿ ಎಂದು ನೋಡುವುದು ಅಭ್ಯಾಸ. ನಿಮ್ಮದು ಕೂಟದಲ್ಲಿ ಒಂದು, ಮನೆಯಲ್ಲಿ ಇನ್ನೊಂದು. ಅಕ್ಕನದ್ದು ಯಾವಾಗಲೂ ಒಂದೇ, ಕಪ್ಪು ಐದು.

ಭಾಗವತರ ಮನೆಗೆ ಬೈಕಿನಲ್ಲಿ ಹೋಗಿ. ಅವರ ಹಾರ್ಮೋನಿಯಮ್ಮಿನಲ್ಲಿ ಆ ಐದನೆಯ ಕಪ್ಪು ಮನೆ ಒತ್ತಿ ಹಿಡಿಯಲಿಕ್ಕೆ ಹೇಳಿ, ಗಾಳಿ ಕಮ್ಮಿ ಹಾಕಲಿ. ಕಣ್ಣು ಮುಚ್ಚಿ ಕೇಳಿ. ಅಕ್ಕ ಕರೆಯುವಾಗ ಅಲ್ಲಿಂದ ಶುರು. ಹೆಸರಿನ ಕೊನೆಗೆ ಸ್ವಲ್ಪ ಮೇಲೆ ಹೋಗಿ ಜಾರುತ್ತಿತ್ತು. ಶೀತ ಇಲ್ಲದಿದ್ದರೂ ಸ್ವಲ್ಪ ಮೂಗಿನಲ್ಲಿ. ಮಾತು ಮುಗಿಯುವಲ್ಲಿ ಎಲ್ಲರಿಗೂ ಸ್ವರ ಇಳಿಯುತ್ತದೆ, ಅವರದ್ದು ಇಳಿಯುತ್ತಿರಲಿಲ್ಲ, ಇನ್ನೂ ಹೇಳಲಿಕ್ಕೆ ಉಂಟೆನ್ನುವ ಹಾಗೆ ನಿಲ್ಲುತ್ತಿತ್ತು. ಮೊದಲು ಇದನ್ನು ಕೇಳಿಕೊಳ್ಳಿ, ಆಮೇಲೆ ಈ ಕಾಗದದ ಕೊನೆಯಲ್ಲಿ ಬರೆಯುವ ಅಕ್ಕನ ಮಾತನ್ನು ಓದಿ.

ಬರುವ ಆದಿತ್ಯವಾರ ಇಲ್ಲಿಗೆ ಬನ್ನಿ. ಹೆಲ್ಮೆಟ್ ಎರಡು ತನ್ನಿ, ಹಿಂದೆ ಕೂತವನಿಗೂ ಬೇಕು ಈಗ. ನೀವು ಹೇಳುವುದು ನನಗೆ ಕೇಳಿಸುವುದಿಲ್ಲ, ಆದರೆ ನಾನು ಹೇಳಿದ್ದು ನಿಮಗೆ ಕೇಳುತ್ತದೆ. ಅಕ್ಕನ ಮಾತು ನನಗೆ ಎಷ್ಟು ನೆನಪುಂಟೋ ಅಷ್ಟನ್ನೂ ಹೇಳುತ್ತೇನೆ.

ಒಂದು ಈಗಲೇ ಬರೆಯುತ್ತೇನೆ, ನಿಮಗೆ ಗೊತ್ತಿಲ್ಲದ್ದು. ಶಾಲೆ ಇಲ್ಲದ ದಿನ ನಾನು ಮನೆಗೆ ಬಂದು ಹಾರ್ನ್ ಹೊಡೆದರೆ ನೀವು ಶಾಲು ಹುಡುಕುತ್ತ ಒಳಗೇ ಇರುತ್ತಿದ್ದಿರಿ. ಅಕ್ಕ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದರು. ನಿಮಗೆ ಕೇಳಬಾರದೆಂದು ಒಮ್ಮೆ ಹಿಂದೆ ನೋಡಿ, ಮೆಲ್ಲಗೆ, ಪ್ರತಿ ಸಲ ಇದೇ ಮಾತು ಹೇಳುತ್ತಿದ್ದರು.

“ಜಯಂತಣ್ಣಾ, ನಿಧಾನ ಹೋಗಿ. ನಂಗೆ ಇರುದು ಅವರೊಬ್ರೇ.”

ಜಯಂತ